ಕೀರ್ತನೆ ಶುರುವಾದ ಮೇಲೆ

ಬಾಗಿಲನ್ನು ಯಾರೋ ಹೊರಗಿನಿಂದ ತಟ್ಟಿದರೂ ಮೇಷ್ಟ್ರು ಅಗುಳಿಯ ಮೇಲಿನ ಕೈ ತೆಗೆಯಲಿಲ್ಲ. ಮೊದಲ ಕೀರ್ತನೆ ಶುರುವಾಗಿತ್ತು. ಕೀರ್ತನೆ ಶುರುವಾದ ಮೇಲೆ ಚರ್ಚಿನ ಬಾಗಿಲು ತೆರೆಯಕೂಡದೆಂಬ ನಿಯಮವನ್ನು ಸಭೆಯೆದುರು ವಾದಿಸಿ ಜಾರಿಗೆ ತಂದವರು ಅವರೇ. ರೈಲು ಹಿಡಿಯಲು ಎದ್ದುಬಿದ್ದು ಓಡುವ ಜನ ದೇವರೆದುರಿಗೆ ಮಾತ್ರ ಆಕಳಿಸುತ್ತ ಬರುವುದೆಂದರೇನು? ನಿವೃತ್ತರಾದರೂ ಅವರೊಳಗಿನ ಶಾಲೆಗೆ ಇನ್ನೂ ರಜೆ ಸಿಕ್ಕಿರಲಿಲ್ಲ.

"ಮಾವ, ನಾನು."

ಸೊಸೆ! ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಭಾನುವಾರದ ಆರಾಧನೆಗೆ ತಡವಾಗುತ್ತಿತ್ತು. ಹೋದ ವಾರವೂ ಮೆಟ್ಟಿಲಿನಿಂದಲೇ ಹಿಂದಿರುಗಿದ್ದಳು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಆರಾಧನೆ ತಪ್ಪಿಸಬೇಡಿರೆಂದು ಮನೆಮನೆಗೆ ಹೋಗಿ ಬುದ್ಧಿ ಹೇಳುವವರ ಮನೆಯವಳೇ ಹೀಗೆ! ಬಾಗಿಲನ್ನು ಗೇಣಷ್ಟು ಸರಿಸಿ, ಹೊರಗೆ ನುಸುಳಿ, ಹಿಂದಕ್ಕೆ ಎಳೆದುಕೊಂಡರು.

"ನನ್ನ ಮಾನ ಕಳೀಲೇಬೇಕು ಅಂತ ಹೊರಟಿದ್ದೀಯೇನಮ್ಮ?"

"ಬದಲಿ ನರ್ಸು ಬರ್ಲಿಲ್ಲ ಮಾವ. ಒಬ್ಬ ಅಜ್ಜಿ ಕೈ ಬಿಡ್ತಾನೇ ಇರ್ಲಿಲ್ಲ."

"ನೆಪ ಹೇಳೋಕೆ ಇದೇನು ಶಾಲೇನಾ?"

"ತಡವಾದ್ರೆ ಹೊರಗೆ ನಿಲ್ಲಿಸ್ತೀರಲ್ಲ, ನಾನು ಹಾಗೇ ಅಂದ್ಕೊಂಡೆ."

ಬೆನ್ನ ಹಿಂದೆ ಅಗುಳಿ ಬಿದ್ದ ಸದ್ದಾಯಿತು. ಒಳಗಿದ್ದ ಚರ್ಚಿನ ಗಂಟೆ ಬಾರಿಸುವವನ ಕೆಲಸ. ಮೇಷ್ಟ್ರು ಬಾಗಿಲು ಬಡಿದರು.

"ನಾನಯ್ಯ, ತೆಗಿ!"

"ಕೀರ್ತನೆ ಶುರುವಾಗಿದೆ ಮೇಷ್ಟ್ರೇ," ಒಳಗಿನಿಂದ ಪಿಸುದನಿ, "ತೆಗೆದ್ರೆ ನೀವೇ ನನ್ನ ಚರ್ಮ ಸುಲೀತೀರಿ."

"ನಾನೇ ಹೇಳ್ತಿದ್ದೀನಲ್ಲೋ!"

"ಯಾರು ಹೇಳಿದ್ರೂ ತೆಗೀಬೇಡ ಅಂದೋರೂ ನೀವೇ."

ಸೊಸೆಗೆ ನಗು ತಡೆಯಲಾಗಲಿಲ್ಲ. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ನಾನು ಮನೆಗೆ ಹೋಗ್ತೀನಿ ಮಾವ. ಇನ್ಮೇಲೆ ಇಲ್ಲಿಗೆ ಬರಲ್ಲ. ರಾತ್ರಿಯೆಲ್ಲಾ ಕಂಡೋರಿಗೆಲ್ಲ ಧೈರ್ಯ ಹೇಳಿರ್ತೀನಿ. ಇಲ್ಲಿ ಯಾರಾದ್ರೂ ನನಗೆ 'ಬಂದ್ಯಾಮ್ಮ' ಅಂತಾರೇನೋ ಅಂತ ಬರ್ತಿದ್ದೆ."

ಮೇಷ್ಟ್ರು ಮುಚ್ಚಿದ ಬಾಗಿಲ ಕಡೆ ತಿರುಗಿದರು. ಕೀರ್ತನೆ ಮುಗಿದು, ಒಬ್ಬರಿಗೊಬ್ಬರು ಹುರುಪು ತುಂಬಬೇಕೆಂದು ಪಾದ್ರಿಗಳು ಬೋಧಿಸುತ್ತಿದ್ದುದು ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಕಿಟಕಿಗೇ ಕಲ್ಲೆಸೆಯಬೇಕೆನ್ನಿಸುವಷ್ಟು ರೇಗಿಹೋಯಿತು. ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ.

"ಹೋಗಕೂಡದು!" ಎಂದರು. ಹೇಳಬೇಕೆಂದದ್ದು ಹಾಗಲ್ಲ. ದನಿ ತಗ್ಗಿಸಿ, "ಕೂತ್ಕೋಮ್ಮ. ಇಲ್ಲಿಗೂ ಕೇಳ್ಸುತ್ತೆ," ಎಂದರು.

ಅವಳು ಅವರನ್ನೊಮ್ಮೆ ದಿಟ್ಟಿಸಿ ನೋಡಿ, ಮೆಟ್ಟಿಲ ಮೇಲೆ ಕುಳಿತು ಗೋಡೆಗೆ ಒರಗಿದಳು. ರೆಪ್ಪೆ ಮುಚ್ಚಿದ್ದೇ ತಡ, ನಿದ್ದೆ ಹತ್ತಿತು. ಎಳೆಬಿಸಿಲು ಮುಖಕ್ಕೆ ಬೀಳುತ್ತಿತ್ತು. ಮೇಷ್ಟ್ರು ಗಂಟೆಯವನನ್ನು ಬೈದುಕೊಳ್ಳುತ್ತಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಿಸಿಲಿಗೆ ಅಡ್ಡ ನಿಂತರು.

ಒಳಗೆ ಸಭೆಯೆಲ್ಲ ಪ್ರಾರ್ಥನೆಗೆ ಮೊಣಕಾಲೂರಿದ ಸದ್ದಾಯಿತು. ಅಭ್ಯಾಸಬಲದಿಂದ ಮೇಷ್ಟ್ರ ಕಾಲೂ ಬಾಗಿತು. ಸೊಸೆಯ ಕೆನ್ನೆಗೆ ಬಿಸಿಲು ತಾಗಿದ್ದು ಕಂಡು ಮತ್ತೆ ನೆಟ್ಟಗೆ ನಿಂತರು.