ಪಾಠ ಪರೀಕ್ಷೆಗೆ ಹೋದ ಮಿಂಚುಪಟ್ಟಿ

ನಾನು ಒಂದು ಮಿಂಚುಪಟ್ಟಿ. ಶಿಕ್ಷಕರು ಪಾಠದ ನಡುವೆ ಫಕ್ಕನೆ ಎತ್ತಿ ತೋರಿಸುತ್ತಾರಲ್ಲ, ಆ ರಟ್ಟು. ಹುಟ್ಟಿದ್ದು ಸೀರೆ ಡಬ್ಬದ ಮುಚ್ಚಳದಿಂದ. ಗದಗಿನಲ್ಲಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದ ಮಹಾದೇವಿ ನನ್ನನ್ನು ಕತ್ತರಿಸಿ, ಬಿಳಿ ಹಾಳೆ ಅಂಟಿಸಿ, ಒಂದು ಬದಿಗೆ ‘ಲೀಫ್’, ಇನ್ನೊಂದು ಬದಿಗೆ ‘ಲೀವ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದಳು. ಅಲ್ಲಿ ಒಂದೇ ಎಲೆಯ ಚಿತ್ರ, ಇಲ್ಲಿ ಎಲೆಗಳ ರಾಶಿ. ಕೆಳಗೆ ಪುಸ್ತಕದ ಹಾಳೆ, ಬಾಗಿಲ ಕದ; ಅವಕ್ಕೂ ಅದೇ ಹೆಸರಂತೆ. ಚಂದ ಇದ್ದೆ, ಸುಳ್ಳೇಕೆ ಹೇಳಲಿ!

ಪರೀಕ್ಷಕರ ಮುಂದೆ ಶಾಲೆಯ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕಲ್ಲ, ಆ ಪಾಠ ಪರೀಕ್ಷೆಯಲ್ಲಿ ಮಹಾದೇವಿ ಹಿಂದಿನ ವರ್ಷ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಓದು ಸಾಕು, ಮನೆಗೆ ಬಾ ಎಂದಿದ್ದರು ಅಪ್ಪ. ಪಾಪ, ಹೆದರಿ ಪರೀಕ್ಷೆಯ ಹಿಂದಿನ ದಿನವೇ ಅದೇ ಮಕ್ಕಳಿಗೆ ಅದೇ ಪಾಠವನ್ನು ಗುಟ್ಟಾಗಿ ಮಾಡಿಬಿಟ್ಟಳು. ತರಬೇತಿಯವರು ಬಹಳ ಮಂದಿ ಮಾಡುವ ಕೆಲಸವೇ ಅದು.

ಮರುದಿನ ಪರೀಕ್ಷಕರಾದ ಹಂಚಿನಾಳ ಸರ್ ಹಿಂದಿನ ಬೆಂಚಿನಲ್ಲಿ ಕುಳಿತರು. ಮಹಾದೇವಿ ನನ್ನನ್ನು ಬೆನ್ನ ಹಿಂದೆ ಅಡಗಿಸಿಕೊಂಡು, “ಈಗ ನಾ ಏನ್ ತೋರಸ್ತೀನಿ ನೋಡ್ರಿ” ಎಂದಳು. ನಾನಿನ್ನೂ ಹೊರಗೆ ಬಂದೇ ಇರಲಿಲ್ಲ.

“ಲೀಫ್ ರೀ ಟೀಚರ್! ಭಾಳ ಇದ್ರ ಲೀವ್ಸ್ ರೀ!” ಎಂದು ತರಗತಿಯೇ ಕೂಗಿತು.

ಸರ್ ಪೆನ್ನು ಕೆಳಗಿಟ್ಟರು. “ಇವಕ್ಕ ಎಲ್ಲಾ ಬರತೈತಲ್ಲ! ನೀ ಕಲಸೂದು ಏನ್ ಉಳದೈತಿ ತಂಗಿ?”

ಅವಳ ಕೈಬೆವರಿಗೆ ನನ್ನ ಬಣ್ಣ ಕದಡಿತು. ಮುಗಿಯಿತು ಕಥೆ ಅಂದುಕೊಂಡೆ. ಆಗ ಅವಳ ಕಣ್ಣು ಕಿಟಕಿ ಬಳಿಯ ಫಕೀರವ್ವನ ಮೇಲೆ ಬಿತ್ತು. ಜ್ವರ ಬಂದು ಆ ಹುಡುಗಿ ನಿನ್ನೆ ಶಾಲೆಗೆ ಬಂದಿರಲಿಲ್ಲ. ಎಲ್ಲರೂ ಕೂಗಿದಾಗ ಅವಳೊಬ್ಬಳೇ ಪಿಳಿಪಿಳಿ ನೋಡುತ್ತಿದ್ದಳು.

ಮಹಾದೇವಿ ಸೀದಾ ಹೋಗಿ ಅವಳ ಪಕ್ಕ ಕುಳಿತಳು. ನನ್ನನ್ನು ಅವಳ ಕೈಗಿಟ್ಟಳು. “ಓದವಾ. ತಪ್ಪಾದ್ರ ಆಗ್ಲಿ, ನಾ ಅದೀನಿ.”

ಫಕೀರವ್ವ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ತಪ್ಪಿದಳು, ತಿದ್ದಿಕೊಂಡಳು. ಮಹಾದೇವಿ ಪರೀಕ್ಷೆಯನ್ನೇ ಮರೆತುಬಿಟ್ಟಿದ್ದಳು. ಕೊನೆಗೆ ಹುಡುಗಿ ನನ್ನನ್ನು ತಾನೇ ತಿರುಗಿಸಿ, ಆ ಬದಿಯನ್ನೂ ಓದಿ, “ನನಗೂ ಬಂತ್ರೀ ಟೀಚರ್!” ಎಂದು ನಕ್ಕಳು.

ಸರ್ ಎದ್ದರು. “ಮುಂದಿನ ವರ್ಷ ನೀ ಇಲ್ಲಿ ಇರಂಗಿಲ್ಲ ಬಿಡು” ಎಂದರು. ಮಹಾದೇವಿಯ ಮುಖ ಸಪ್ಪಗಾಯಿತು. “ಯಾವುದಾರ ಸಾಲ್ಯಾಗ ಟೀಚರ್ ಆಗಿರ್ತಿ. ಇದು ಪಾಠ ನೋಡವಾ. ನಿನ್ನೆ ಮಾಡಿದ್ದಲ್ಲ.”

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ಮಹಾದೇವಿ ನಗುತ್ತಲೇ ಅತ್ತಳು.

ಈಗ ಅವಳ ಶಾಲೆಯ ಬೀರುವಿನಲ್ಲಿ ಹಾಯಾಗಿದ್ದೇನೆ. ಅಂಚು ಸವೆದಿದೆ, ಮೈ ಬಾಗಿದೆ. ಹೊಸ ಮಿಂಚುಪಟ್ಟಿಗಳು ಎಷ್ಟೋ ಬಂದಿವೆ, ಬರಲಿ. ಮಹಾದೇವಿ ಟೀಚರ್ ದಿನವೂ ಪಾಠಕ್ಕೆ ಮುಂಚೆ ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ: “ನಿನ್ನೆ ಯಾರ್ಯಾರು ಬಂದಿದ್ದಿಲ್ಲ? ಮುಂದ ಬರ್ರಿ, ನನ್ನ ಹತ್ರ ಕೂಡ್ರಿ.”