ಟವೆಲ್ಲುಗಳಡಿಯ ಹೆಲ್ಮೆಟ್

ಸ್ವಲ್ಪ ನಿಲ್ಲಿ, ಹಾಗೆ ಹೊರಟುಬಿಡಬೇಡಿ. ಇದೊಂದನ್ನು ಕೇಳಿಸಿಕೊಂಡು ಹೋಗಿ. ಕೊನೆಯಲ್ಲಿ ನಿಮ್ಮನ್ನೊಂದು ಮಾತು ಕೇಳುವುದಿದೆ.

ನಾನು ಒಂದು ಹೆಲ್ಮೆಟ್. ಬೈಕಿನದಲ್ಲ, ಕ್ರಿಕೆಟ್ಟಿನದೂ ಅಲ್ಲ. ಅಮೆರಿಕದವರು ಫುಟ್‌ಬಾಲ್ ಅಂತ ಹೆಸರಿಟ್ಟು ಕಾಲಿಗಿಂತ ಹೆಚ್ಚಾಗಿ ಕೈಯಲ್ಲೇ ಆಡುತ್ತಾರಲ್ಲ, ಆ ಆಟದ್ದು. ಮುಖಕ್ಕೆ ಕಂಬಿ, ಒಳಗೆ ಗಾಳಿ ತುಂಬುವ ಮೆತ್ತೆ, ಮೇಲೆ ಮಿರಮಿರ ಹಸಿರು ಬಣ್ಣ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗಿಳಿಸಿದರು, ತಣಿಸಿದರು, ಎತ್ತರದಿಂದ ಕಬ್ಬಿಣದ ಮೇಲೆ ಬೀಳಿಸಿದರು. ನಾನು ಒಡೆಯಲಿಲ್ಲ. ಪರೀಕ್ಷೆ ಮಾಡಿದ ಹೆಂಗಸು ನನ್ನ ನೆತ್ತಿ ತಟ್ಟಿ, "ಹೋಗು ಮರಿ, ಯಾರದಾದ್ರೂ ತಲೆ ಕಾಯು" ಎಂದಳು. ಆಗ ನನಗೆಷ್ಟು ಜಂಬ ಬಂತು ಅಂತೀರಿ!

ನನಗೆ ಸಿಕ್ಕಿದ್ದು ಲೆಮ್ಯುಯೆಲ್ ಬ್ರಸಾರ್ಡನ ತಲೆ. ಎಲ್ಲರ ಬಾಯಲ್ಲಿ ಅವನು ಲೆಮ್. ಬಾಗಿಲು ತುಂಬುವ ಆಳು, ಮಗುವಿನ ನಗು. ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ವೆಂಡೆಲ್ ಪುಟ್ಟ ಪಂಪಿನಿಂದ ನನ್ನೊಳಗೆ ಗಾಳಿ ತುಂಬಿ, ಕಂಬಿ ಹಿಡಿದು ಅಲ್ಲಾಡಿಸಿದ.

"ಬಿಗಿ ಆಯ್ತೇನೋ?"

"ನಮ್ಮಮ್ಮ ಕಿವಿ ಹಿಂಡಿದ್ರೂ ಇಷ್ಟು ಬಿಗಿ ಇರ್ತಿರ್ಲಿಲ್ಲ ಮಾರಾಯ."

"ಹಂಗಾದ್ರೆ ಸರಿಯಾಗಿದೆ ಬಿಡು."

ಲೆಮ್ ಚೆಂಡು ಮುಟ್ಟುವವನಲ್ಲ. ಚೆಂಡು ಹಿಡಿದವನ ಮುಂದೆ ಗೋಡೆಯಂತೆ ನಿಂತು, ನುಗ್ಗಿ ಬರುವವರಿಗೆ ಎದೆ ಕೊಡುವುದು, ತಲೆ ಕೊಡುವುದು ಅವನ ಕೆಲಸ. ಪ್ರತಿ ಸಲವೂ ಢಣ್! ಜನ ಕೂಗುತ್ತಿದ್ದರು. ಆದರೆ ನನಗೆ ಒಳಗಿನದೂ ಗೊತ್ತಾಗುತ್ತಿತ್ತು. ಎಳನೀರಿನ ಬುರುಡೆಯನ್ನು ಕುಲುಕಿದರೆ ಚಿಪ್ಪಿಗೆ ಏನೂ ಆಗುವುದಿಲ್ಲ, ಒಳಗಿನ ನೀರು ತುಳುಕುತ್ತದೆ. ಹಾಗೆಯೇ ಅವನ ಮಿದುಳು. ನಾನು ತಡೆಯುತ್ತಿದ್ದುದು ಬುರುಡೆ ಒಡೆಯುವುದನ್ನು ಮಾತ್ರ. ತುಳುಕುವುದನ್ನು ತಡೆಯುವ ಶಕ್ತಿ ನನಗೆ ಯಾರೂ ಕೊಟ್ಟಿರಲಿಲ್ಲ.

ಒಂದು ಚಳಿಯ ಮಧ್ಯಾಹ್ನ ಎದುರು ತಂಡದವನೊಬ್ಬ ಗೂಳಿಯಂತೆ ಬಂದು ಗುದ್ದಿದ. ಲೆಮ್ ಎದ್ದ, ಆದರೆ ಎದುರು ತಂಡದವರ ಸಾಲಿಗೆ ಹೋಗಿ ನಿಂತ. ತಂಡದ ಡಾಕ್ಟರು ಓಡಿಬಂದು ಅವನನ್ನು ಅಂಕಣದ ಹೊರಗೆ ಕೂರಿಸಿದರು.

"ಇದ್ಯಾವ ಊರಪ್ಪಾ, ಲೆಮ್?"

"ಹೋಟೆಲ್ ಕಾಫಿ ಕೆಟ್ಟದಾಗಿತ್ತು ಡಾಕ್ಟ್ರೇ. ಅಂಥಾ ಊರು."

ಸುತ್ತಲಿದ್ದವರು ನಕ್ಕರು. ಡಾಕ್ಟರು ನಗಲಿಲ್ಲ. ಈ ಆಟದಲ್ಲೊಂದು ಪದ್ಧತಿಯಿದೆ. ತಲೆಗೆ ಪೆಟ್ಟು ಬಿದ್ದವನಿಗೆ 'ಕೂತ್ಕೋ' ಎಂದರೆ ಕೂರುವುದಿಲ್ಲ, ಯಾರೂ ನೋಡದಾಗ ಅಂಕಣಕ್ಕೆ ಓಡಿಬಿಡುತ್ತಾನೆ. ಅದಕ್ಕೇ ಅವನ ಹೆಲ್ಮೆಟ್ಟನ್ನೇ ಕಿತ್ತುಕೊಂಡು ಬಚ್ಚಿಡುತ್ತಾರೆ. ಹೆಲ್ಮೆಟ್ಟಿಲ್ಲದೆ ಒಳಗೆ ಬಿಡುವುದಿಲ್ಲವಲ್ಲ! ಡಾಕ್ಟರು ನನ್ನನ್ನು ವೆಂಡೆಲ್‌ನ ಕೈಗಿತ್ತರು. ಅವನು ಟವೆಲ್ಲಿನ ಬುಟ್ಟಿಯ ತಳದಲ್ಲಿ ಹುಗಿದ. ಆ ಕತ್ತಲೆಯಲ್ಲಿ, ಸೋಪಿನ ವಾಸನೆಯಲ್ಲಿ, ನನಗೆ ಮೊದಲ ಸಲ ನಿಜವಾಗಿ ಒಂದು ತಲೆ ಕಾಯುತ್ತಿದ್ದೇನೆ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಲೆಮ್‌ನ ಪಿಸುಮಾತು ಕೇಳಿತು.

"ವೆಂಡೆಲ್, ಕೊಟ್ಬಿಡೋ. ಇವತ್ತು ಕೂತ್ರೆ ನನ್ನ ಜಾಗಕ್ಕೆ ಆ ಹೊಸ ಹುಡ್ಗ ಬರ್ತಾನೆ. ಆಮೇಲೆ ನನ್ನ ಯಾರು ಕರೀತಾರೆ? ಇದೊಂದೇ ಆಟ ಕಣೋ."

"ನಂಗೊತ್ತಿಲ್ಲ ಹೋಗಪ್ಪ."

"ನಿನ್ ದಮ್ಮಯ್ಯ."

ವೆಂಡೆಲ್ ಅಂಕಣದ ಕಡೆಗೇ ನೋಡುತ್ತಾ, ಕಾಲಿನಿಂದ ಬುಟ್ಟಿಯನ್ನು ಮೆಲ್ಲಗೆ ಅವನ ಕಡೆಗೆ ದೂಡಿದ. ಬೇಡ, ಬೇಡ ಅಂತ ನಾನು ಕಿರುಚಿದೆ. ಕಿರುಚಿದರೆ ಕೇಳಿಸಲು ನನಗೆ ಬಾಯೆಲ್ಲಿದೆ? ಲೆಮ್ ನನ್ನನ್ನು ಧರಿಸಿ ಓಡಿದ. ಢಣ್! ಆ ದಿನ ತಂಡ ಗೆದ್ದಿತು. ಅವನ ಜಾಗ ಅವನಿಗೇ ಉಳಿಯಿತು. ಹಾಗೆ ಇನ್ನೂ ಎಷ್ಟೋ ವರ್ಷ ಉಳಿಯಿತು. ನನಗೆ ವರ್ಷ ವರ್ಷ ಹೊಸ ಬಣ್ಣ ಬಳಿಯುತ್ತಿದ್ದರು. ಅವನೊಳಗಿನದಕ್ಕೆ ಬಳಿಯಲು ಬಣ್ಣವೇ ಇರಲಿಲ್ಲ.

ನಿವೃತ್ತಿಯ ದಿನ ವೆಂಡೆಲ್ ನನ್ನನ್ನು ಒರೆಸಿ ಲೆಮ್‌ನ ಚೀಲಕ್ಕೆ ಹಾಕಿದ. "ಇನ್ಮೇಲೆ ಇದು ನಿಂದೇ. ಕುಂಡ ಅಂತ ಹೂವು ಗೀವು ನೆಡ್ಬೇಡ ಮತ್ತೆ" ಎಂದ. ಮನೆಯ ಷೋಕೇಸಿನಲ್ಲಿ ನನ್ನ ಬಾಳು ಹಾಯಾಗಿತ್ತು. ಲೆಮ್‌ನ ಹೆಂಡತಿ ಒಡೆಸಾ ಧೂಳು ಹೊಡೆಯುವಾಗ ನನ್ನ ಕಂಬಿಗೆ ಮೂಗು ತಾಗಿಸಿ, "ಇನ್ನೂ ನಾರ್ತೀಯಲ್ಲೋ ಕೋತಿ" ಅನ್ನುತ್ತಿದ್ದಳು.

ಆಮೇಲೆ ಶುರುವಾಯಿತು. ಆಟದ ಸನ್ನೆಗಳೆಲ್ಲ ಬಾಯಿಪಾಠವಿದ್ದವನಿಗೆ ಕ್ಷೌರದಂಗಡಿಯ ದಾರಿ ಮರೆತುಹೋಯಿತು. ಹಿಂದೆಲ್ಲ ಆಟವಿರುತ್ತಿದ್ದುದು ಭಾನುವಾರ; ಅಂಥ ಒಂದು ಭಾನುವಾರ ಬೆಳಿಗ್ಗೆ "ತಂಡದ ಬಸ್ ಬಂತಾ?" ಎಂದು ಕೇಳಿ, ನನ್ನನ್ನು ಧರಿಸಿ, ಅಂಗಳದಲ್ಲಿ ಬಗ್ಗಿ ನಿಂತು, ಗ್ಯಾರೇಜಿನ ಬಾಗಿಲಿಗೆ ನುಗ್ಗಿದ. ಢಣ್! ಬಾಗಿಲು ಬಾಗಿತು. ಒಡೆಸಾ ಕೂಗುತ್ತಾ ಓಡಿಬಂದಳು. ಅವನು ಮತ್ತೆ ಬಗ್ಗಿದ.

ಅಂದೇ ಅವಳು ನನ್ನನ್ನು ಬಚ್ಚಲಿನ ಪಕ್ಕದ ಕಪಾಟಿನಲ್ಲಿ ಟವೆಲ್ಲುಗಳ ಅಡಿ ಅಡಗಿಸಿಟ್ಟಳು. ಅದೇ ಕತ್ತಲೆ, ಅದೇ ಸೋಪಿನ ವಾಸನೆ. ಈ ಸಲವಾದರೂ ಸಿಗಬಾರದು ಅಂದುಕೊಂಡೆ.

ಆದರೆ ಭಾನುವಾರ ಬಂದರೆ ಅವನು ಹುಡುಕುತ್ತಾನೆ. ಮಂಚದ ಕೆಳಗೆ, ಫ್ರಿಜ್ಜಿನೊಳಗೆ. ಸಿಗದಿದ್ದಾಗ ಬರಿಯ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ಇವತ್ತೂ ಚಚ್ಚಿಕೊಂಡ. ಒಡೆಸಾ ಓಡಿಬಂದು ನಡುವೆ ತನ್ನ ಅಂಗೈ ಕೊಟ್ಟಳು. ಗೋಡೆಗೂ ಆ ತಲೆಗೂ ನಡುವೆ ಅವಳ ಅಂಗೈ ಎಷ್ಟು ಹೊತ್ತು ತಡೆದೀತು?

ಅವನು ಮಂಡಿಯೂರಿ ಕೂತು ಅವಳ ಏಪ್ರನ್ನಿನ ತುದಿ ಹಿಡಿದುಕೊಂಡ.

"ವೆಂಡೆಲ್, ಕೊಟ್ಬಿಡೋ. ಇದೊಂದೇ ಆಟ ಕಣೋ. ನಿನ್ ದಮ್ಮಯ್ಯ."

"ನಾನು ಒಡೆಸಾ ಕಣೋ, ರಾಜ. ನಿನ್ ಒಡೆಸಾ."

ಅವನು ಕೇಳಿಸಿಕೊಳ್ಳಲಿಲ್ಲ. ಮತ್ತೆ ಗೋಡೆಯ ಕಡೆಗೆ ತಿರುಗಿದ.

ಈಗ ಕಪಾಟಿನ ಬಾಗಿಲು ಅರೆ ತೆರೆದಿದೆ. ಅವಳ ಕೈ ಟವೆಲ್ಲುಗಳ ನಡುವೆ ಬಂದು ನನ್ನ ಕಂಬಿಯ ಮೇಲೆ ನಿಂತಿದೆ. ಕೊಟ್ಟರೆ ಅವನು ಅಂಗಳಕ್ಕೆ ಓಡಿ ಮತ್ತೆ ಬಾಗಿಲಿಗೆ ನುಗ್ಗುತ್ತಾನೆ. ಕೊಡದಿದ್ದರೆ ಅಗೋ, ಗೋಡೆ. ಹೇಳಿ, ಆ ಕೈ ನಿಮ್ಮದಾಗಿದ್ದರೆ ಏನು ಮಾಡುತ್ತಿದ್ದಿರಿ?