ಕೊನೆಗೆ ಹೇರಿದ್ದು

ದೀಪ ಮತ್ತೆ ಆರಿತು, ಯಾರೂ ಅಲುಗಾಡದಿದ್ದರೆ ಈ ಸಾಮಾನು ಗೋದಾಮಿನ ಕಾರಿಡಾರಿನ ದೀಪ ತಾನಾಗಿಯೇ ಆರಿಹೋಗುತ್ತದೆ, ಮೊದಲ ಸಲ ಬಾಡಿಗೆ ಕಟ್ಟಲು ಬಂದಾಗಲೇ ಆಫೀಸಿನವನು ಹೇಳಿದ್ದ, ನಿಂತಲ್ಲೇ ನಿಂತ್ರೆ ಕತ್ತಲೆ ಅಕ್ಕಾ, ಕೈ ಮೇಲೆತ್ತಿ ಒಂಚೂರು ಬೀಸಿ, ಬರುತ್ತೆ — ಎತ್ತಿದಳು, ಬಂತು, ಎರಡೂ ಬದಿಗೆ ಇಳಿಬಿಟ್ಟ ತಗಡಿನ ಷಟರುಗಳು, ಒಂದೊಂದರ ಹಿಂದೆಯೂ ಯಾರದೋ ಮನೆ ಉಸಿರು ಬಿಗಿಹಿಡಿದು ಕೂತಿದೆ, ಹಿಡಿದ ಉಸಿರಿಗೂ ತಿಂಗಳ ಬಾಡಿಗೆ. ತನ್ನ ಷಟರಿನ ಬೀಗವನ್ನು ಅವಳು ಪ್ರತಿ ತಿಂಗಳೂ ಬಂದು ಮುಟ್ಟಿದ್ದಾಳೆ, ತೆರೆದಿಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿ, ಕೆಳಗಿಳಿದು ದುಡ್ಡು ಕಟ್ಟಿ, ಅಕ್ಕನ ಮನೆಯ ಸೋಫಾದ ಹಿಂದಿರುವ ತನ್ನ ಹಾಸಿಗೆಗೆ ಮರಳಿದ್ದಾಳೆ. ಲೈಬ್ರರಿಯ ಕೆಲಸ ಅರ್ಧ ದಿನಕ್ಕೆ ಇಳಿದ ಮೇಲೆ ಬಾಡಿಗೆ ನಿಂತಿತು, ಈಗ ಬ್ಯಾಗಿನಲ್ಲಿ ದುಡ್ಡಿನ ಒಂದು ಕವರು, ಕವರು ಒಂದೇ, ಕಾಯುತ್ತಿರುವ ಕೈ ಎರಡು — ಕೆಳಗೆ ಆಫೀಸಿನವನು, ಇವತ್ತೇ ಬಾಕಿ ಕಟ್ಟಿ ಅಕ್ಕಾ, ಇಲ್ಲಾ ಬೇಕಾದ್ದು ತಗೊಂಡು ಬೀಗದ ಕೈ ಕೊಟ್ಬಿಡಿ, ಉಳಿದದ್ದನ್ನ ಮಾರಿ ಬಾಕಿಗೆ ವಜಾ ಮಾಡ್ಕೋತಾರೆ, ಮೇಲಿನವರ ರೂಲು, ನನ್ನ ಕೈಲೇನಿಲ್ಲ. ಇವತ್ತೇ ಅಲ್ಲಿ, ಅಕ್ಕ ಊರೆಲ್ಲ ಅಲೆದು ಹುಡುಕಿದ ಒಂಟಿ ಕೋಣೆಗೆ ಮುಂಗಡ, ಕೊಡದಿದ್ದರೆ ನಾಳೆ ಬೇರೆಯವರಿಗೆ. ಅಕ್ಕ ಬೈಯುವುದಿಲ್ಲ, ಬೈದಿದ್ದರೆ ಎಷ್ಟೋ ಹಗುರ, ರಾತ್ರಿ ನೀರಿಗೆಂದು ಎದ್ದ ಭಾವ ಇವಳ ಕಾಲು ತುಳಿಯದಂತೆ ಗೋಡೆ ಹಿಡಿದು ಹೋಗುವುದು, ಆ ಎಚ್ಚರಿಕೆ, ಅದನ್ನು ನುಂಗುವುದೇ ಕಷ್ಟ. ಬೈಯುವವರು ಅತ್ತೆ, ಫೋನಿನಲ್ಲಿ, ಸತ್ತವನ ಸಾಮಾನಿಗೆ ಒಂದು ಮನೆ, ಬದುಕಿರೋಳಿಗೆ ನೆಲ, ಚೆನ್ನಾಗಿದೆ ಕಣಮ್ಮಾ ನಿನ್ನ ನ್ಯಾಯ, ಅಂದು ತಾವೇ ಅತ್ತು, ಮೂಗೊರೆಸಿಕೊಂಡು, ಅವನ ಆ ಬೂದು ಸ್ವೆಟರು ಸಿಕ್ಕಿದ್ರೆ ಮಾತ್ರ ಯಾರಿಗೂ ಕೊಡಬೇಡ, ನನಗಿಡು.

ಬೀಗದ ಕೈ ಮುಷ್ಟಿಯಲ್ಲಿ ಬೆಚ್ಚಗಾಗಿದೆ, ತಿರುಗಿಸಲಿಲ್ಲ, ತಿರುಗಿಸಿದರೆ ಕಾಣುವುದು ಗಂಡ ಸಾಮಾನಿನಲ್ಲೇ ಕಟ್ಟಿದ ಗೋಡೆ, ಮಂಚ, ಬೀರು, ಇಬ್ಬರು ಹಿಡಿದರಷ್ಟೇ ಅಲುಗುವ ಸಾಮಾನು, ಮತ್ತೆ ಇಬ್ಬರು ಎಲ್ಲಿ. ಅವತ್ತು ಅವಳು ಲೈಬ್ರರಿಯಲ್ಲಿದ್ದಳು, ಅವರಿದ್ದ ಕಟ್ಟಡದ ಕಂಬ ಬಿರುಕು ಬಿಟ್ಟಿದೆ, ಸಂಜೆಯೊಳಗೆ ಎಲ್ಲರೂ ಮನೆ ಖಾಲಿ ಮಾಡಬೇಕು ಎಂದರಂತೆ, ಅವನೇ, ಲಾರಿಯ ಹುಡುಗನೊಬ್ಬನನ್ನು ಜೊತೆ ಮಾಡಿಕೊಂಡು, ಇಡೀ ಮನೆಯನ್ನು ಕಟ್ಟಿ ಇಲ್ಲಿ ತಂದು ತುಂಬಿದ, ತುಂಬುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ನಾಟಕ ತಂಡದ ಲೈಟಿನವನು, ಊರಿಂದೂರಿಗೆ ಲಾರಿ ಹೇರಿ ಹೇರಿ ಅವನಿಗಿದ್ದದ್ದು ಒಂದೇ ವೇದಾಂತ, ಮೊದಲು ಬೇಕಾದ್ದು ಕೊನೆಗೆ ಹೇರು, ಇಳಿಸುವಾಗ ಬಾಗಿಲಲ್ಲೇ ಸಿಗಬೇಕು. ಊಟದ ಡಬ್ಬಿಗೂ ಅದೇ ನೇಮ, ಮದುವೆಯಾದ ಹೊಸದರಲ್ಲಿ ಇಬ್ಬರೂ ಹೊರಟಾಗ ಪೆಟ್ಟಿಗೆಗೂ ಅದೇ, ಹಲ್ಲುಜ್ಜುವ ಬ್ರಷ್ಷು ಮೇಲೆ, ಅವಳ ಒಳ್ಳೆಯ ಸೀರೆಗಳೆಲ್ಲ ತಳದಲ್ಲಿ, ಇದೇನೋ ಇದು ಅಂದರೆ, ಬೆಳಗ್ಗೆ ಎದ್ದು ಸೀರೆಯಲ್ಲಿ ಹಲ್ಲುಜ್ಜುತ್ತೀಯಾ — ನಕ್ಕಿದ್ದಳು, ನಗು ಆಗ ಕೇಳದೆಯೇ ಬರುತ್ತಿತ್ತು. ಹೊಸ ಬಾಡಿಗೆ ಮನೆ ಎಂದರೆ ಮೊದಲು ಬಲ್ಬು, ಹಳೇ ಬಾಡಿಗೆಯವರು ಬಲ್ಬ್ ಬಿಟ್ಟು ಹೋದ ಮನೆ ನಾನಂತೂ ನೋಡಿಲ್ಲ ಕಣೆ, ಅನ್ನುತ್ತ ಕತ್ತಲೆಯ ನಡುವೆ ನಿಂತು ಕೈ ಎತ್ತುತ್ತಿದ್ದ, ಸುಮ್ಮನೆ, ಕುರ್ಚಿ ಇಲ್ಲ, ಏಣಿ ಇಲ್ಲ, ತೋಳು ಮೇಲೇರಿ, ತೋಳಂಗಿ ಮೊಣಕೈಗೆ ಜಾರಿ, ಕಾದ ಲೈಟು ತಾಗಿ ಸುಟ್ಟ ಕಲೆ ಕಂಡು, ಕಿರ್ರೆಂದು ಒಂದು ತಿರುವು, ಬೆಳಕು. ಅವಳು ಹಾರಿ ಹಾರಿ ಎಟುಕದೆ ಸೋತರೆ, ಕುಳ್ಳಿ, ನಿನಗೆ ದೀಪ ಹಾಕೋಕೂ ಗಂಡ ಬೇಕು ಅನ್ನುವನು, ಅದಕ್ಕೇ ಇಟ್ಕೊಂಡಿರೋದು ಹೋಗೋ ಅನ್ನುವಳು. ಇಲ್ಲಿ ತುಂಬಿಟ್ಟು ತಂಡದ ಜೊತೆ ಹೊರಟ ಪ್ರವಾಸದ ನಡುವೆ ಫೋನು ಮಾಡಿದ್ದ, ಮನೆ ಸಿಕ್ಕರೆ ನನಗೆ ಕಾಯಬೇಡ, ನೀನು ಹೋಗಿಬಿಡು, ನೀನೊಬ್ಬಳೇ ಹೋಗೋ ಹಾಗೆ ಹೇರಿದ್ದೀನಿ ಅಂದಿದ್ದ, ನೀನಿಲ್ಲದ ಮನೆಗೆ ನಾನು ಕಾಲಿಡಲ್ಲ ಅಂದಿದ್ದಳು, ಅಂದದ್ದು ಹುಸಿಮುನಿಸಿಗೆ, ಮಾತು ನಿಜವಾಗಿ ಕೂತುಬಿಟ್ಟಿತು, ತಿರುವಿನಲ್ಲಿ ಅವನಿದ್ದ ಲಾರಿ ಮಗುಚಿತು, ಲೈಟುಗಳು ರಸ್ತೆ ತುಂಬಾ ಗಾಜಾಗಿ ಬಿದ್ದಿದ್ದವಂತೆ, ಯಾರೋ ಹೇಳಿದರು, ಯಾಕೆ ಹೇಳಿದರೋ — ಮತ್ತೆ ಕತ್ತಲೆ, ಕೈ ಎತ್ತಬೇಕು, ಎತ್ತಿದಳು.

ಷಟರು ಅರ್ಧಕ್ಕೆ ಸಿಕ್ಕಿಕೊಂಡಿತು, ಭುಜ ಕೊಟ್ಟಳು, ಹೋಯಿತು, ಒಳಗಿಂದ ಹೊರಬಂದದ್ದು ಮುಚ್ಚಿಟ್ಟ ಬಟ್ಟೆಯ, ರಟ್ಟಿನ ವಾಸನೆ, ಅವನದಲ್ಲ, ಅವನದೆಂದು ಎಷ್ಟು ಎಳೆದುಕೊಂಡರೂ ಅಲ್ಲ. ಮಂಚವಿಲ್ಲ, ಬೀರುವಿಲ್ಲ, ಇವೆ, ಹಿಂದೆ, ದೂರದಲ್ಲಿ, ಸೂರಿನವರೆಗೆ, ಮುಂದೆ ಬರೀ ಸಣ್ಣ ಸಣ್ಣ ಡಬ್ಬಗಳು, ಒಂದೊಂದಕ್ಕೂ ಹಗ್ಗದ ಹಿಡಿ, ಒಂದನ್ನು ಎತ್ತಿದಳು, ಬಂತು, ಇನ್ನೊಂದು, ಅದೂ ಬಂತು, ಅವಳ ಪುಸ್ತಕಗಳು, ಒಂದೇ ಪೆಟ್ಟಿಗೆಗೆ ತುರುಕಬಹುದಾಗಿದ್ದ ಪುಸ್ತಕಗಳನ್ನು ಎಷ್ಟು ಕಡೆಗೆ ಹಂಚಿದ್ದಾನೆ, ಪಾತ್ರೆಗಳು, ಒಂದು ಚಾಪೆ, ಒಂದು ದಿಂಬು, ಒಂದು ತಟ್ಟೆ — ಯಾವುದೂ ಅವಳ ಕೈಗೆ ಮೀರಿದ್ದಲ್ಲ. ಲಾರಿ ಹೇರುವವನ ಕೈಗೆ ಗೊತ್ತು ಯಾರಿಗೆ ಎಷ್ಟು ಭಾರ. ಇಷ್ಟು ಕಾಲ ಅವಳು ಬಾಡಿಗೆ ಕಟ್ಟಿದ್ದು ಇಬ್ಬರು ಬೇಕಾದ ಗೋಡೆಗೆ ಎಂದುಕೊಂಡಿದ್ದಳು, ಗೋಡೆ ಹಿಂದಿತ್ತು, ಬಾಗಿಲಲ್ಲಿ ಅವಳೊಬ್ಬಳ ಮನೆ ಕಾದಿತ್ತು. ಹಿಂದಿನದನ್ನು ಅವರು ಮಾರಿಕೊಳ್ಳಲಿ, ಕವರು ಕೋಣೆಗೆ ಹೋಗಲಿ, ಯೋಚನೆ ಇಷ್ಟು ಸದ್ದಿಲ್ಲದೆ ಬಂದದ್ದಕ್ಕೆ ಅಳು ಬರಬೇಕಿತ್ತು, ಬರಲಿಲ್ಲ, ಬಗ್ಗಿ ಹೊಸ್ತಿಲ ಮೂಲೆಗೇ ಒತ್ತಿ ಇಟ್ಟಿದ್ದನ್ನು ಈಗ ನೋಡಿದಳು, ಎಲ್ಲಕ್ಕಿಂತ ಕೊನೆಗೆ ಹೇರಿದ್ದು, ಒಂದು ಸ್ಟೂಲು. ಅವರ ಮನೆಯಲ್ಲಿ ಸ್ಟೂಲು ಇರಲೇ ಇಲ್ಲ. ಯಾವಾಗ ಮಾಡಿದನೋ, ನಾಟಕದ ಹಳೇ ರಂಗಸಜ್ಜಿಕೆಯ ಹಲಗೆ, ಕೂರುವ ಕಡೆ ಇನ್ನೂ ಬಳಿದ ನೀಲಿ ಆಕಾಶ, ಅರ್ಧ ಮೋಡ, ಅದರ ಮೇಲೆ ಬೂದು ಸ್ವೆಟರು, ಅತ್ತೆಯ ಸ್ವೆಟರು, ಉಂಡೆಯಾಗಿ ಸುತ್ತಿದೆ, ಒಳಗೇನೋ ಗಟ್ಟಿ, ಬಿಚ್ಚಿದಳು, ಬಲ್ಬು. ಒಡೆದಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು ಅವನು ಅಲುಗಿಸುತ್ತಿದ್ದ ಹಾಗೆ, ಒಳಗೆ ಸದ್ದಿಲ್ಲ, ತಂತಿ ಗಟ್ಟಿಯಾಗಿದೆ, ಉರಿಯುತ್ತದೆ, ಅವನಿಗೆ ಯಾವತ್ತೂ ಸ್ಟೂಲು ಬೇಕಿರಲಿಲ್ಲ, ಯಾವತ್ತೂ, ಸುಮ್ಮನೆ ಕೈ ಎತ್ತಿದರೆ — ದೀಪ ಆರಿತು, ಅವಳು ಅಲುಗಲಿಲ್ಲ, ಕೈ ಎತ್ತಿದರೆ ಬರುತ್ತದೆ, ಎತ್ತಬೇಕು, ಕತ್ತಲೆಯಲ್ಲಿ ಒಂದು ತೋಳು ಮೇಲೇರುತ್ತಿದೆ, ತೋಳಂಗಿ ಮೊಣಕೈಗೆ ಜಾರುತ್ತಿದೆ, ಸುಟ್ಟ ಕಲೆ, ತೋಳು, ಮೇಲೆ, ತೋಳು